ಹಿಂದಿನ ಸೀಟಿನ ವಾಸನೆ

ಸೇಲಂನ ಗುಗೈನಲ್ಲಿ ಕಾರಿನ ಒಳಭಾಗ ತೊಳೆದುಕೊಡುವ ಒಂದು ಶೆಡ್ಡಿತ್ತು. ಅಲ್ಲಿ ಕೈ ಮಗಳದು, ಮೂಗು ತಾಯಿಯದು.

ಮಗಳು ಭಾಮಾ ಸೀಟು ಉಜ್ಜಿ, ಡೋರಿನ ರೆಕ್ಸಿನ್ ಒರೆಸಿ, ಡ್ಯಾಶ್‌ಬೋರ್ಡಿನ ಸಂದಿಗೊಂದಿಯ ಧೂಳು ತೆಗೆದು, ಕಾರನ್ನು ನೆರಳಲ್ಲಿ ಒಣಗಿಸುತ್ತಿದ್ದಳು. ಆಮೇಲೆ ತಾಯಿ ಸೊಣ್ಣಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿ ಒಳಗೆ ತಲೆ ಹಾಕಿ, ಮುಂದೊಮ್ಮೆ ಹಿಂದೊಮ್ಮೆ ಮೂಸಿ ತೀರ್ಪು ಕೊಡುವಳು. ಅದರ ಮೇಲೆ ಅಪೀಲು ಇರಲಿಲ್ಲ. ಕಂಡವರ ವಿಷಯದಲ್ಲಿ ಮೂಗು ತೂರಿಸುವ ಹೆಂಗಸರು ಆ ಬೀದಿಯಲ್ಲಿ ಬೇಕಾದಷ್ಟಿದ್ದರು. ಅದನ್ನೇ ಕಸುಬು ಮಾಡಿಕೊಂಡವಳು ಸೊಣ್ಣಮ್ಮ ಒಬ್ಬಳೇ.

ಮಗಳು ತಾಯಿಗೆ ಕೊಡುವ ಮರ್ಯಾದೆ ಇದು ಎಂದು ಗಿರಾಕಿಗಳು ಅಂದುಕೊಂಡಿದ್ದರು. ನಿಜ ಬೇರೆಯೇ ಇತ್ತು. ಭಾಮಾಳಿಗೆ ಯಾವ ವಾಸನೆಯೂ ಬರುತ್ತಿರಲಿಲ್ಲ. ಮಲ್ಲಿಗೆಯೂ ಇಲ್ಲ, ಮೀನೂ ಇಲ್ಲ. ಮುಖದ ನಡುವೆ ಚೆಂದದ ಮೂಗೇನೋ ಇತ್ತು. ಮೂಗುಬೊಟ್ಟಿಗೆ ಜಾಗ ಕೊಡುವುದಷ್ಟೇ ಅದರ ಕೆಲಸ.

ತೊಂಬತ್ತನಾಲ್ಕರ ಬೇಸಿಗೆಯಲ್ಲಿ ಒಂದು ಬೆಳಿಗ್ಗೆ ಹರೂರು ಟ್ಯಾಕ್ಸಿ ಸ್ಟ್ಯಾಂಡಿನ ಹಳೆಯ ಅಂಬಾಸಿಡರ್ ಒಂದು ಶೆಡ್ಡಿನ ಮುಂದೆ ಬಂದು ನಿಂತಿತು. ನಾಲ್ಕೂ ಗ್ಲಾಸು ಇಳಿಸಿತ್ತು. ಡ್ರೈವರು ತಲೆಯನ್ನು ಕಿಟಕಿಯಿಂದ ಹೊರಗೆ ಹಾಕಿಕೊಂಡೇ ಗಾಡಿ ಓಡಿಸಿಕೊಂಡು ಬಂದಿದ್ದ.

"ಯಾಕಣ್ಣಾ, ಒಳ್ಗೆ ಜಾಗ ಇಲ್ವಾ?" ಅಂದಳು ಭಾಮಾ.

"ಜಾಗ ಐತೆ ಮ್ಮಾ. ವಾಸ್ನೇನೂ ಐತೆ. ನಾವಿಬ್ರೂ ಒಟ್ಗೆ ಕೂರಾಕಾಗಾಕಿಲ್ಲ."

"ಏನ್ ವಾಸ್ನೆ?"

"ಯಾರೋ ಪ್ಯಾಸೆಂಜರು... ವಾಂತಿ ಮಾಡ್ಕಂಡ್ರು. ಇಂದ್ಗಡೆ ಸೀಟು. ಎಡಗಡೆ."

ಅವನ ಹೆಸರು ವೆಂಕಟರಾಮ. ಮೂವತ್ತು ದಾಟಿದ ಆಳು. ಖಾಕಿ ಶರ್ಟು ಇಸ್ತ್ರಿಯಾಗಿತ್ತು, ಮುಖ ಆಗಿರಲಿಲ್ಲ.

ಸೊಣ್ಣಮ್ಮ ಎಡಗಡೆಯ ಬಾಗಿಲು ತೆಗೆದು ಮೂಸಿದಳು. ಇನ್ನೊಮ್ಮೆ ಮೂಸಿದಳು.

"ಒಂದೂ ಇಲ್ಲ ಪಾ. ಬೀಡಿ ವಾಸ್ನೆ ಐತೆ, ಅದು ನಿಂದೇ. ಸುಮ್ಮಾ ಯಾಕೆ ತೊಳೀಬೇಕು? ಓಗು."

"ಎಲ್ಲಾ ಕಡೆ ಇದೇ ಯೇಳ್ತಾರೆ," ಅಂದ ಅವನು. ಅಷ್ಟೇ ಅಂದದ್ದು. ಆದರೆ ಅವನ ಮುಖ ಕೊನೆಯ ಸಾಕ್ಷಿಯೂ ತಿರುಗಿಬಿದ್ದ ಆರೋಪಿಯ ಮುಖದಂತಾಯಿತು. ಭಾಮಾಳ ಕಡೆ ತಿರುಗಿದ. "ನೀನೊಂದ್ಸಲ ನೋಡು ಮ್ಮಾ."

ಭಾಮಾ ಒಳಗೆ ಬಗ್ಗಿದಳು. ಬಿಸಿಲಿಗೆ ಕಾದ ರೆಕ್ಸಿನ್. ಮೂಲೆಯಲ್ಲಿ ಕಪ್ಪು ದಾರದಿಂದ ಹೊಲಿದ ಒಂದು ಹರಕು. ಉಸಿರು ಎಳೆದಳು. ಎಂದಿನಂತೆ ಬರೀ ಗಾಳಿ ಬಂತು. ತಿರುಗಿದರೆ ಅವನು ಬಾಗಿಲು ಹಿಡಿದು, ಆಪರೇಷನ್ ಥಿಯೇಟರಿನ ಹೊರಗೆ ನಿಂತವನ ಹಾಗೆ ಅವಳನ್ನೇ ನೋಡುತ್ತ ನಿಂತಿದ್ದ.

"ಐತೆ," ಅಂದಳು.

"ಐತಲ್ಲಾ?"

"ಐತೆ. ಸೀಟಿನ ಒಳ್ಗಿಂದ ಬರ್ತೈತೆ. ಗಾಡಿ ಬುಟ್ಟು ಓಗಿ."

ವೆಂಕಟರಾಮ ಅಲ್ಲೇ ಚಪ್ಪಡಿ ಕಲ್ಲಿನ ಮೇಲೆ ಕುಸಿದು ಕೂತ. ಬಹಳ ಹೊತ್ತಿನವರೆಗೆ ಏಳಲಿಲ್ಲ.

ಅವನು ಹೋದ ಮೇಲೆ ಸೊಣ್ಣಮ್ಮ ಮಗಳ ಮುಂದೆ ಸೊಂಟಕ್ಕೆ ಕೈಯಿಟ್ಟು ನಿಂತಳು. "ಏನೇ ಲೇ, ನನ್ಗೇ ಬರ್ದಿರೋ ವಾಸ್ನೆ ನಿಂಗೆ ಬಂತಾ?"

"ಬಂದ ಗಿರಾಕೀನ ಓಡುಸ್ಬೇಕಾ?" ಅಂದಳು ಭಾಮಾ, ಬಕೆಟ್ಟಿನೊಳಗೆ ಮುಖ ಇಟ್ಟುಕೊಂಡು.

ಭಾಮಾ ಮೂಗು ಕಳೆದುಕೊಂಡ ಬಗೆಯನ್ನು ಇಲ್ಲಿ ಹೇಳಿಬಿಡಬೇಕು. ಅವರದು ನೇಕಾರರ ಮನೆ. ಮಗ್ಗದ ಕೋಣೆಯ ಕಿಟಕಿ ತೆಗೆಯುವುದು ಆ ಮನೆಯಲ್ಲಿ ಮಹಾಪರಾಧ. ಒಣಗಾಳಿ ಬಡಿದರೆ ಹಾಸಿನ ಎಳೆ ಪಟಪಟನೆ ಹರಿಯುತ್ತದೆ. ಪವರ್‌ಲೂಮು ಬಂದು ಕೈಮಗ್ಗವನ್ನು ನುಂಗಿದ ಮೇಲೆ ಭಾಮಾಳ ಅಪ್ಪ ಗೋಪಾಲಪ್ಪ ಕಾರಿಗೆ ಸೀಟ್ ಕವರ್ ಹೊಲಿಯಲು ಕೂತ, ಜೊತೆಗೆ ಒಳಗೆ ತೊಳೆಯುವ ಕೆಲಸವನ್ನೂ ಹಿಡಿದ. ಮಗ್ಗ ಬಿಟ್ಟರೂ ಮಗ್ಗದ ಅಭ್ಯಾಸ ಬಿಡಲಿಲ್ಲ. ಶೆಡ್ಡಿನ ಬಾಗಿಲಿಗೆ ಗೋಣಿ ಕಟ್ಟಿ, ಕಾರಿನ ನಾಲ್ಕೂ ಗ್ಲಾಸು ಏರಿಸಿ, ಮಗಳನ್ನೂ ಒಳಗೆ ಕೂರಿಸಿಕೊಂಡು, ಪೇಂಟಿಗೆ ಬೆರೆಸುವ ಥಿನ್ನರಿನಲ್ಲಿ ರೆಕ್ಸಿನ್ ಒರೆಸುತ್ತಿದ್ದ. "ಗಾಳಿ ಬುಟ್ರೆ ಕೆಲ್ಸ ಕೆಡ್ತದೆ" ಎನ್ನುವನು. ಥಿನ್ನರ್ ಒರೆಸಿದ ರೆಕ್ಸಿನ್ ಒಂದು ವಾರ ಮದುಮಗನ ಹಾಗೆ ಹೊಳೆದು, ಆಮೇಲೆ ಮದುವೆಯಾದವನ ಹಾಗೆ ಬಿರುಕು ಬಿಡುತ್ತಿತ್ತು.

ತಲೆ ಸುತ್ತಿದರೆ ಮೂಸಲು ಅಂತ ಅಪ್ಪ ಒಂದು ನಿಂಬೆಹಣ್ಣು ಇಟ್ಟಿರುತ್ತಿದ್ದ. ಒಂದು ದಿನ ಭಾಮಾ ನಿಂಬೆಹಣ್ಣನ್ನು ಉಗುರಿನಿಂದ ಗೀರಿದಳು, ಹಿಂಡಿದಳು, ಕೊನೆಗೆ ಕಚ್ಚಿದಳು. ಹುಳಿ ಇತ್ತು, ನಿಂಬೆ ಇರಲಿಲ್ಲ. ಅದೇ ವರ್ಷ ಅಪ್ಪ ಕೆಮ್ಮಿ ಕೆಮ್ಮಿ ತೀರಿಕೊಂಡ.

ಭಾಮಾ ಥಿನ್ನರಿನ ಡಬ್ಬ ಎಸೆದಳು. ಗೋಣಿ ಕಿತ್ತು ಹಾಕಿದಳು. ನಾಲ್ಕೂ ಡೋರು ತೆಗೆದಿಟ್ಟೇ ಕೆಲಸ. ರೇಷ್ಮೆ ಸೀರೆ ತೊಳೆಯುವ ಅಂಟುವಾಳಕಾಯಿಯ ನೀರು, ಮೆತ್ತಗಿನ ಬ್ರಶ್ಶು, ಚೆನ್ನಾಗಿ ಹಿಂಡಿದ ಬಟ್ಟೆ, ಅಷ್ಟೇ. ಟಾಪಿನ ಬಟ್ಟೆಗೆ ನೀರು ಸೋಕಿಸುತ್ತಿರಲಿಲ್ಲ, ಅಂಟು ಬಿಟ್ಟು ಜೋತುಬೀಳುತ್ತದೆ. ಡ್ಯಾಶ್‌ಬೋರ್ಡಿಗೆ ತೆಂಗಿನೆಣ್ಣೆ ಹಾಕು ಎನ್ನುವವರಿಗೆ, "ಮಸಾಜ್ ಬೇಕಾದ್ರೆ ನೀವು ಮಾಡುಸ್ಕಳಿ, ಅದಕ್ಕೆ ಬ್ಯಾಡ," ಎನ್ನುವಳು. ಬಾಗಿಲ ರಬ್ಬರಿಗೆ ಮಾತ್ರ ಮುಖಕ್ಕೆ ಹಾಕುವ ಪೌಡರನ್ನೇ ಸವರುತ್ತಿದ್ದಳು. ಅವಳ ಮುಖಕ್ಕೆ ಪೌಡರ್ ಹಾಕಿಕೊಳ್ಳಲು ಕಾರಣವೇನೂ ಇರಲಿಲ್ಲ. ಧರ್ಮಪುರಿಯಿಂದ ಹೆಣ್ಣು ನೋಡಲು ಬಂದವರಿಗೆ ಸೀದ ಹಾಲಿನ ಕಾಫಿ ಕೊಟ್ಟಿದ್ದಳು. "ಉಡುಗೀಗೆ ಶೀತ," ಅಂದಿದ್ದಳು ಸೊಣ್ಣಮ್ಮ. ಅವತ್ತಿನಿಂದ ಭಾಮಾಳಿಗೆ ವರ್ಷಗಟ್ಟಲೆ ಶೀತ.

ವೆಂಕಟರಾಮ ಮತ್ತೆ ಬಂದ. ಹರೂರಿನಿಂದ ಸೇಲಂಗೆ ಬಾಡಿಗೆ ಸಿಕ್ಕಾಗಲೆಲ್ಲ ಬಂದ.

"ಕಮ್ಮಿ ಆಗೈತೆ. ಆದ್ರೆ ಐತೆ."

"ಊಂ, ಐತೆ," ಎನ್ನುವಳು ಭಾಮಾ. ಸೋಡಾ ಪುಡಿ ಉದುರಿಸಿ ಗುಡಿಸಿದಳು. ಬಟ್ಟೆಯಲ್ಲಿ ಇದ್ದಿಲು ಕಟ್ಟಿ ಸೀಟಿನಡಿ ಇಟ್ಟಳು. ಅವನು ಮುಂದಿನ ಸೀಟಿನಲ್ಲಿ ಕೂತು ಕನ್ನಡಿಯನ್ನು ಚೂರು ಚೂರೇ ತಿರುಗಿಸುವನು. ಮೊದಲು ಅದರಲ್ಲಿ ಅವಳ ಬಳೆ ಕಾಣುವುದು, ಆಮೇಲೆ ಭುಜ, ಆಮೇಲೆ ಸಿಟ್ಟು ನಟಿಸುವ ಒಂದು ಹುಬ್ಬು.

"ಆ ಕನ್ನಡಿ ಇಂದೆ ಬರೋ ಲಾರಿ ನೋಡಾಕೆ ಇರೋದು."

"ಲಾರಿಗಿಂತ ಡೇಂಜರ್ ಆಗಿರೋದು ಕಾಣ್ತಾ ಐತೆ, ಅದಕ್ಕೇ ನೋಡ್ತಾ ಇವ್ನಿ."

"ನೋಡಿ, ನೋಡಿ. ಆರನ್ ಮಾತ್ರ ಒಡೀಬ್ಯಾಡಿ, ಅಮ್ಮ ಒಳ್ಗೇ ಅವ್ರೆ."

ಅವಳು ಅವನನ್ನು 'ಅಣ್ಣಾ' ಎನ್ನುವುದನ್ನು ಯಾವಾಗಲೋ ನಿಲ್ಲಿಸಿದ್ದಳು. ಅವನಿಗೆ ಗೊತ್ತಾಗಲಿಲ್ಲ. ಸೊಣ್ಣಮ್ಮನಿಗೆ ಗೊತ್ತಾಯಿತು. ಅವಳ ಮೂಗು ಇಂಥದ್ದಕ್ಕೆ ಇನ್ನೂ ಚುರುಕು.

ಒಂದು ದಿನ ಸೀಟಿನ ಕವರ್ ಬಿಚ್ಚಿ, ಒಳಗಿನ ತೆಂಗಿನ ನಾರನ್ನು ಬದಲಾಯಿಸಲು ಕೂತಾಗ ನಾರಿನ ನಡುವೆ ಕೆಂಪು ಗಾಜಿನ ಬಳೆಯ ಚೂರುಗಳು ಸಿಕ್ಕವು. ಕೆಳಗಿನ ಗೋಣಿಯ ಮೇಲೆ ದೊಡ್ಡದೊಂದು ಕಂದು ಕಲೆ. ಭಾಮಾ ಚೂರುಗಳನ್ನು ಅಂಗೈಯಲ್ಲಿಟ್ಟು ಅವನ ಮುಂದೆ ಹಿಡಿದಳು.

"ಪ್ಯಾಸೆಂಜರು ವಾಂತಿ ಮಾಡ್ಕಂಡ್ರಾ?"

ಅವನು ಸ್ಟೀರಿಂಗನ್ನೇ ನೋಡುತ್ತ ಹೇಳಿದ. ಹೆಂಡತಿ ಕಣ್ಣಮ್ಮ. ಅವಳಿಗೆ ಹಾಕಿಸಿದ ಸೀಮಂತದ ಬಳೆ. ಪಾಪಿರೆಡ್ಡಿಪಟ್ಟಿಯ ತವರಿನಲ್ಲಿ ನೋವು ಶುರುವಾಯಿತು, ಸೇಲಂ ಆಸ್ಪತ್ರೆಗೆ ಅವನೇ ಕರೆದುಕೊಂಡು ಹೊರಟ. ಮಂಜವಾಡಿ ಕಣಿವೆಯಲ್ಲಿ ರಕ್ತ ನಿಲ್ಲಲಿಲ್ಲ.

"ಕೂಗ್ತಾನೇ ಇದ್ಲು. ತಿರುವು ರೋಡು. ಇಂದೆ ತಿರುಗಿ ನೋಡಾಕಾಗ್ಲಿಲ್ಲ. ಆಮೇಲೆ ಕೂಗೋದು ನಿಲ್ಸುದ್ಲು. ನಾನು, ಸದ್ಯ, ನೋವು ಕಮ್ಮಿ ಆಯ್ತು ಅನ್ಕಂಡೆ."

ಮಗುವೂ ಉಳಿಯಲಿಲ್ಲ. ಅವತ್ತಿನಿಂದ ಅವನು ಆಸ್ಪತ್ರೆ ಬಾಡಿಗೆ ಒಪ್ಪಿಕೊಳ್ಳುತ್ತಿರಲಿಲ್ಲ. ಅವತ್ತಿನಿಂದಲೇ ಆ ವಾಸನೆ.

"ರಕ್ತ, ಡೆಟಾಲು, ಅವ್ಳು ಮುಡ್ಕಂಡಿದ್ದ ಮಲ್ಲಿಗೆ, ಎಲ್ಲಾ ಸೇರಿ ಕೊಳ್ತಂಗೆ. ಯಾರಿಗೂ ಬರಾಕಿಲ್ಲ. ನಮ್ ಸ್ಟ್ಯಾಂಡ್‌ನೋರು ನನ್ನ ಬೈತ್ಯಕಾರನ್, ಉಚ್ಚ ಅಂತಾರೆ. ನಾನೂ ಅಂಗೇ ಅನ್ಕಂಡಿದ್ದೆ. ನೀ ಐತೆ ಅಂದ್ಯಲ್ಲ ಭಾಮಾ, ಅವತ್ತೇ ಗೊತ್ತಾಗಿದ್ದು ನನ್ ತಲೆ ನೆಟ್ಗೈತೆ ಅಂತ."

ಭಾಮಾ ಬಳೆಚೂರುಗಳನ್ನು ಅವನ ಕೈಗೆ ಹಾಕಿದಳು. ತನ್ನ ಮೂಗಿನ ವಿಷಯ ಹೇಳದೆ ಹೊಸ ನಾರು ತುಂಬಲು ಕೂತಳು.

"ಯೇಳ್ಬುಡು," ಅಂದಳು ಸೊಣ್ಣಮ್ಮ ಅವತ್ತು ಸಂಜೆ. "ನಾಳೆ ಗೊತ್ತಾದ್ರೆ ಆ ಮನ್ಷ ತಾಳ್ತಾನಾ?"

"ಯೇಳಿದ್ರೆ ಬರಾಕಿಲ್ಲ ಅವ್ರು."

"ಬರ್ದಿದ್ರೆ?"

ಭಾಮಾ ತೊಳೆದ ಬ್ರಶ್ಶನ್ನೇ ಮತ್ತೆ ತೊಳೆಯತೊಡಗಿದಳು. ಸೊಣ್ಣಮ್ಮನಿಗೆ ಅದೇ ಉತ್ತರ ಸಾಕಾಯಿತು.

ಆಮೇಲೊಂದು ದಿನ ಅವನು ಬೆನ್ನ ಹಿಂದೆ ಏನೋ ಬಚ್ಚಿಟ್ಟುಕೊಂಡು ಬಂದ.

"ಕಣ್ ಮುಚ್ಚು. ಮೂಸಿ ಯೇಳು, ಏನು ತಂದಿವ್ನಿ?"

ಭಾಮಾ ಕಣ್ಣು ಮುಚ್ಚಿದಳು. ಗಂಡಸು ಹೆಂಗಸಿಗೆ ಬಚ್ಚಿಟ್ಟು ತರುವುದು ಏನು ಎಂದು ಲೆಕ್ಕ ಹಾಕಿದಳು.

"ಮಲ್ಗೆ."

ವೆಂಕಟರಾಮ ಹೊಟ್ಟೆ ಹಿಡಿದುಕೊಂಡು ನಗತೊಡಗಿದ. ಅವನ ಕೈಯಲ್ಲಿ ಕೊಲ್ಲಿಮಲೆಯ ಹಲಸಿನ ಹಣ್ಣಿನ ಅರ್ಧ ಹೋಳಿತ್ತು. ಬೀದಿಯ ಕೊನೆಯ ನೊಣಗಳಿಗೂ ಆಗಲೇ ಸುದ್ದಿ ಮುಟ್ಟಿತ್ತು.

"ಅಲಸಿನಣ್ಣಿಗೆ ಮಲ್ಗೆ ಅಂತೀಯಲ್ಲ! ನಿನ್ ಕೊಬ್ಬಿಗೆ ಏನ್ ಯೇಳ್ಬೇಕು!"

"ಬೇಕೂಂತ ಅಂದೆ," ಅಂದಳು ಭಾಮಾ. ನಕ್ಕಳು ಕೂಡ. ಪ್ರೀತಿಸುವವನಿಗೆ ಕಣ್ಣಿರುವುದಿಲ್ಲ ಎನ್ನುತ್ತಾರಲ್ಲ, ಅವಳಿಗೆ ಮೂಗಿಲ್ಲ, ಅವನಿಗೆ ಕಣ್ಣಿಲ್ಲ. ಇನ್ನು ಕಿವಿಗೆ ಎಂದು ಕುತ್ತು ಬರುತ್ತದೋ ಎಂದು ಸೊಣ್ಣಮ್ಮ ಒಳಗಿನಿಂದ ನೋಡುತ್ತಿದ್ದಳು.

ಕುತ್ತು ಬಂದದ್ದು ಪೆಟ್ರೋಲ್ ಬಂಕಿನ ಸ್ಟ್ರೈಕಿನ ವಾರದಲ್ಲಿ.

ಬಂಕುಗಳು ಮುಚ್ಚಿದ್ದವು. ಎಲ್ಲ ಡ್ರೈವರುಗಳ ಹಾಗೆ ವೆಂಕಟರಾಮನೂ ಪ್ಲಾಸ್ಟಿಕ್ ಕ್ಯಾನಿನಲ್ಲಿ ಮೊದಲೇ ಪೆಟ್ರೋಲ್ ತುಂಬಿಸಿ ಡಿಕ್ಕಿಯಲ್ಲಿಟ್ಟುಕೊಂಡಿದ್ದ. ಗಾಡಿಯನ್ನು ಶೆಡ್ಡಿನಲ್ಲಿ ಬಿಟ್ಟು ಊಟಕ್ಕೆ ಹೋದ. ಸೊಣ್ಣಮ್ಮ ರೇಷನ್ ಅಂಗಡಿಗೆ ಹೋಗಿದ್ದಳು. ಮಧ್ಯಾಹ್ನದ ಬಿಸಿಲಿಗೆ ಕ್ಯಾನಿನ ಮುಚ್ಚಳ ಸಡಿಲಾಗಿ, ಪೆಟ್ರೋಲ್ ಹಿಂದಿನ ಸೀಟಿನ ಬೆನ್ನ ಕೆಳಗಿನಿಂದ ಒಳಗೆ ಜಿನುಗತೊಡಗಿತು.

ಭಾಮಾ ಕೆಲಸ ಮುಗಿಸಿದ್ದಳು. ತೊಳೆದ ಗಾಡಿಯನ್ನು ವಾಪಸು ಕೊಡುವ ಮೊದಲು ವೀಳ್ಯದೆಲೆಯ ಮೇಲೆ ಕರ್ಪೂರ ಹಚ್ಚಿ ಬೆಳಗುವುದು ಅಪ್ಪನ ಕಾಲದ ಪದ್ಧತಿ. ಮುಂದಿನ ದೇವರ ಪಟಕ್ಕೆ ಬೆಳಗುವುದು ರೂಢಿ. ಅವತ್ತು ಅವಳಿಗೆ ಹಿಂದಿನ ಎಡಗಡೆಯ ಸೀಟಿಗೇ ಬೆಳಗಬೇಕು ಅನ್ನಿಸಿತು. ಕಣ್ಣಮ್ಮನಿಗೆ. ಎಲೆ ಹಿಡಿದು ಬಾಗಿಲಲ್ಲಿ ಬಗ್ಗಿ ಕಡ್ಡಿ ಗೀರಿದಳು. ಕಡ್ಡಿ ಮುರಿಯಿತು. ಇನ್ನೊಂದನ್ನು ತೆಗೆದಳು.

"ಲೇಯ್!"

ವೆಂಕಟರಾಮ ಬೀದಿಯಿಂದಲೇ ಓಡಿ ಬಂದು ಅವಳ ಕೈಗೆ ಹೊಡೆದ. ಬೆಂಕಿಪೊಟ್ಟಣ ಮೋರಿಯಾಚೆ ಹಾರಿತು. ಅವಳನ್ನು ರಟ್ಟೆ ಹಿಡಿದು ರಸ್ತೆಗೆ ಎಳೆದ.

"ಸತ್ತೋಗ್ತಿದ್ಯಲ್ಲೇ! ಪೆಟ್ರೋಲು! ಬೀದಿಗೆಲ್ಲಾ ಒಡೀತಾ ಐತೆ!"

ಅವಳು ಗಾಬರಿಯಲ್ಲಿ ಸುತ್ತ ನೋಡಿದಳು. ನೆಲ ನೋಡಿದಳು, ಕಾರು ನೋಡಿದಳು.

"ಎಲ್ಲೈತೆ?" ಅಂದಳು.

ಅವನ ಕೈ ಅವಳ ರಟ್ಟೆಯ ಮೇಲೆ ಹಾಗೇ ನಿಂತಿತು. ಆಚೆ ಮನೆಯ ಹೆಂಗಸು ಸೆರಗಿನಿಂದ ಮೂಗು ಮುಚ್ಚಿಕೊಂಡು ಹೊರಗೆ ಬಂದಿದ್ದಳು. ಸೈಕಲ್ಲಿನಲ್ಲಿ ಹೋಗುತ್ತಿದ್ದವನು ಇಳಿದು ದೂರ ಸರಿಯುತ್ತಿದ್ದ. ಭಾಮಾ ಒಬ್ಬಳೇ ಕಣ್ಣಲ್ಲಿ ಹುಡುಕುತ್ತಿದ್ದಳು.

"ಅಲಸಿನಣ್ಣು," ಅಂದ ಅವನು ಮೆಲ್ಲಗೆ. "ಅವತ್ತು ಅದೂ ಗೊತ್ತಾಗ್ಲಿಲ್ಲ."

"ಇಲ್ಲ."

"ನಿಂಗೆ ವಾಸ್ನೇನೇ ಬರಾಕಿಲ್ಲ."

"ಬರಾಕಿಲ್ಲ. ಅಪ್ಪ ಇದ್ದಾಗ್ಲಿಂದ."

"ಅಂಗಾದ್ರೆ ಮೊದ್ಲು ದಿನ, ನಾ ಕೇಳ್ದಾಗ..."

"ಅವತ್ತೂ ಬರ್ಲಿಲ್ಲ."

ಅವನು ಕೈ ಬಿಟ್ಟ. ಕ್ಯಾನನ್ನು ಹೊರಗೆ ತೆಗೆದಿಟ್ಟು, ಸೀಟು ಕಿತ್ತು ಬಿಸಿಲಿಗೆ ಒರಗಿಸಿ, ಎಲ್ಲ ಆರುವವರೆಗೂ ರಸ್ತೆಯಲ್ಲಿ ನಿಂತಿದ್ದ. ಹೊರಡುವಾಗ ಒಂದೇ ಮಾತು ಹೇಳಿದ.

"ಅಂದ್ರೆ ನಾನು ಉಚ್ಚನೇ ಅಂತಾಯ್ತು."

ಅವನು ಮತ್ತೆ ಬರಲಿಲ್ಲ. ಆಡಿ ತಿಂಗಳು, ಆಷಾಢದ ಗಾಳಿ ಬಂತು. ಭಾಮಾ ಕಂಡವರ ಸೀಟು ಉಜ್ಜಿದಳು, ಅಮ್ಮ ಮೂಸಿದಳು. ಹರೂರಿನ ಇನ್ನೊಬ್ಬ ಡ್ರೈವರು ರಾಮಚಂದ್ರಪ್ಪ ಶೆಡ್ಡಿಗೆ ಬಂದಾಗ ತಾನಾಗಿಯೇ ಸುದ್ದಿ ಹೇಳಿದ.

"ನಮ್ ವೆಂಕಟರಾಮನ ಕತೆ ಮುಗೀತು ಮ್ಮಾ. ಬಾಡ್ಗೆಗೇ ಓಗಲ್ಲ. ಸ್ಟ್ಯಾಂಡ್‌ನಾಗೆ ಗಾಡಿ ಬಿಸಿಲ್ಗೆ ನಿಲ್ಸಿ, ನಾಕೂ ಗ್ಲಾಸು ಏರ್ಸಿ ಒಳ್ಗೆ ಕೂತ್ಕತಾನೆ. ಮೊನ್ನೆ ಎಚ್ರ ತಪ್ಪಿ ಬಿದ್ದಿದ್ದ. ನಾವೇ ಎಳ್ದು ಆಕಿದ್ವಿ. ಪಾವಂ. ಒಂದಿನ ಅದ್ರಾಗೇ ಓಗ್ಬುಡ್ತಾನೆ ನೋಡು."

ಗ್ಲಾಸು ಏರಿಸಿ ಒಳಗೆ ಕೂತ ಒಬ್ಬ ಗಂಡಸನ್ನು ಭಾಮಾ ಆಗಲೇ ಒಮ್ಮೆ ಕಳೆದುಕೊಂಡಿದ್ದಳು. ಬ್ರಶ್ಶು ಕೆಳಗಿಟ್ಟಳು.

ಸೊಣ್ಣಮ್ಮ ಮಗಳನ್ನು ನೋಡಿ, ಡಬ್ಬದಿಂದ ಬಸ್ ಚಾರ್ಜು ತೆಗೆದುಕೊಟ್ಟಳು. "ಮಕ ತೊಳ್ಕಂಡು ಓಗು," ಅಂದಳು.

ಹರೂರು ಸ್ಟ್ಯಾಂಡಿನಲ್ಲಿ ಅಂಬಾಸಿಡರ್ ಬಿಸಿಲಲ್ಲೇ ನಿಂತಿತ್ತು. ಒಳಗೆ ವೆಂಕಟರಾಮ ಶರ್ಟು ಬೆವರಲ್ಲಿ ತೊಯ್ದು ಮೈಗೆ ಅಂಟಿಕೊಂಡು, ಕಣ್ಣು ಮುಚ್ಚಿ ಕೂತಿದ್ದ. ಗಡ್ಡ ಬೆಳೆದಿತ್ತು. ಭಾಮಾ ಗ್ಲಾಸು ಬಡಿದಳು. ಅವನು ತೆಗೆಯಲಿಲ್ಲ. ಆಚೆಯ ಬಾಗಿಲಿಗೆ ಸುತ್ತಿ ಬಂದು ತಾನೇ ತೆಗೆದಳು. ಒಳಗಿನ ಬಿಸಿ ಒಲೆಯ ಬಾಯಿಯಂತೆ ಮುಖಕ್ಕೆ ಹೊಡೆಯಿತು.

"ಏನ್ ಮಾಡ್ತಾ ಇದೀರಾ?"

"ವಾಸ್ನೆ ನಿಜ್ವಾಗ್ಲೂ ಐತಾ, ನನ್ ತಲೇಲಿ ಐತಾ ಅಂತ ನೋಡ್ತಾ ಇವ್ನಿ."

"ಸತ್ರೆ ಗೊತ್ತಾಗ್ತದಾ?"

ಅವನು ಕಣ್ಣು ತೆರೆದ. "ಯಾಕೆ ಸುಳ್ಳು ಯೇಳ್ದೆ ಭಾಮಾ? ಬೇರೆಯೋರು ಇಲ್ಲ ಅಂದಾಗ ಎದೆ ಕಲ್ಲು ಮಾಡ್ಕಂಡಿದ್ದೆ. ನೀ ಬಂದು ಐತೆ ಅಂದೆ. ಈಗ ನೀನೇ ಅದ್ನ ಕಿತ್ಕಂಡೆ."

"ನನ್ಗೆ ವಾಸ್ನೆ ಗೊತ್ತಾಗೋದು ಮಕ ನೋಡಿ," ಅಂದಳು ಭಾಮಾ. "ಅಮ್ಮ ಮೂಗ್ ಸಿಂಡ್ರುಸಿದ್ರೆ ಆಲು ಸೀದೋಗೈತೆ ಅಂತ. ಬಸ್‌ನಾಗೆ ಎಲ್ರೂ ಕರ್ಚೀಪ್ ತೆಗುದ್ರೆ ಸಬ್ಬಕ್ಕಿ ಫ್ಯಾಕ್ಟ್ರಿ ಬಂತು ಅಂತ. ಬೇರೆ ಎಂಗೆ ಗೊತ್ತಾಗ್ಬೇಕು ನನ್ಗೆ? ಅವತ್ತು ನಿಮ್ ಮಕ ನೋಡ್ದೆ. ಅದ್ರಾಗೆ ಇತ್ತು. ಅಮ್ಮ ಮೂಸಿದ್ದು ಸೀಟ್ನ. ನಾ ನೋಡಿದ್ದು ನಿಮ್ನ. ಇಲ್ಲ ಅಂದಿದ್ರೆ ಅದೇ ಸುಳ್ಳಾಗ್ತಿತ್ತು. ಆಮೇಲೆ ಮುಚ್ಚಿಟ್ಟಿದ್ದು ತಪ್ಪು. ನೀವು ಬರಾದ್ ನಿಲ್ಸುಬುಡ್ತೀರಾ ಅಂತ ಮುಚ್ಚಿಟ್ಟೆ."

ಅವನು ಮತ್ತೆ ಕಣ್ಣು ಮುಚ್ಚಿ ಅಂದ, "ಓಗು. ಸೇಲಂ ಬಸ್ಸು ನಿಂತೈತೆ."

ಭಾಮಾ ಬಾಗಿಲು ಮುಚ್ಚಲಿಲ್ಲ. ಬಸ್ಸಿನ ಕಡೆ ತಿರುಗಿದಳು.

ಆಗ ಬಂದರು ನಾಲ್ಕು ಜನ, ಮುದುಕಿಯೊಬ್ಬಳನ್ನು ಹಗ್ಗದ ಮಂಚದ ಮೇಲೆ ಹೊತ್ತುಕೊಂಡು. ಮಂಚದ ಮುಂದೆ ಓಡಿಬರುತ್ತಿದ್ದವನು ಅವಳ ಮಗ ಮುತ್ತುಸ್ವಾಮಿ.

"ಅಣ್ಣೇ, ವಂಡಿ ವರುಮಾ? ಅಮ್ಮಾವುಕ್ಕು ಮೂಚ್ಚು ಮುಟ್ಟುದು ಅಣ್ಣೇ!"

ಗಾಡಿ ಬರುತ್ತದಾ ಎಂದು ಕೇಳುತ್ತಿದ್ದ. ಉಸಿರು ಕಟ್ಟಿತ್ತು ಮುದುಕಿಗೆ. ಎದೆ ತಿದಿಯಂತೆ ಏರಿ ಇಳಿಯುತ್ತಿತ್ತು. ಹರೂರಿನ ಡಾಕ್ಟರು ಸೇಲಂ ದೊಡ್ಡಾಸ್ಪತ್ರೆಗೆ ಬರೆದುಕೊಟ್ಟಿದ್ದರು. ಸ್ಟ್ಯಾಂಡಿನಲ್ಲಿ ಬೇರೆ ಗಾಡಿ ಇರಲಿಲ್ಲ.

"ನಾ ಆಸ್ಪತ್ರೆಗೆ ಓಗಾಕಿಲ್ಲ," ಅಂದ ವೆಂಕಟರಾಮ. ಸ್ಟೀರಿಂಗನ್ನು ಎರಡೂ ಕೈಯಲ್ಲಿ ಹಿಡಿದುಕೊಂಡ.

ಭಾಮಾ ಹಿಂದಿನ ಎಡಗಡೆಯ ಬಾಗಿಲು ತೆಗೆದು ಒಳಗೆ ಕೂತಳು.

"ತಲೆ ನನ್ ತೊಡೆ ಮೇಲೆ ಬರಂಗೆ ಮಲಗ್ಸಿ," ಅಂದಳು ಮುತ್ತುಸ್ವಾಮಿಗೆ. ಆಮೇಲೆ ಮುಂದಕ್ಕೆ ಬಗ್ಗಿ, "ಗ್ಲಾಸ್ ಇಳ್ಸಿ. ಓಡ್ಸಿ."

ಅವನು ಓಡಿಸಿದ.

ಮುದುಕಿ, ತಂಗಮ್ಮ ಅಂತ ಹೆಸರು, ಬಟ್ಟೆಯಲ್ಲೇ ಎಲ್ಲ ಮಾಡಿಕೊಂಡಿದ್ದಳು. ಕಫ ಕಾರುತ್ತಿದ್ದಳು. ಮುಂದೆ ಕೂತ ಮಗ ಅಳುತ್ತಲೇ ಟವೆಲ್ಲಿನಿಂದ ಮೂಗು ಮುಚ್ಚಿಕೊಂಡ. ಭಾಮಾ ಮಾತ್ರ ಅವಳ ಬಾಯಿ ಒರೆಸುತ್ತ, ಮುಖಕ್ಕೆ ಮುಖ ತಂದು ಮಾತಾಡಿಸುತ್ತ ಕೂತಿದ್ದಳು. "ಪಾಟೀ, ಇಂಗೆ ನೋಡಿ. ಮಗ್ಳು ಎಲ್ಲವ್ಳೆ? ಸೇಲಂನಾಗಾ? ಬರ್ತಾಳೆ ಬುಡಿ."

ಮಂಜವಾಡಿ ಕಣಿವೆ ಶುರುವಾಯಿತು. ಒಂದು ತಿರುವಿನಲ್ಲಿ ಮುದುಕಿಯ ಗೊರಗೊರ ನಿಂತಿತು. ಕಾರಿನೊಳಗೆ ಎಂಜಿನ್ನಿನ ಸದ್ದೊಂದೇ ಉಳಿಯಿತು. ವೆಂಕಟರಾಮನ ಕಾಲು ತಾನಾಗಿ ಬ್ರೇಕಿನ ಮೇಲೆ ಹೋಯಿತು.

"ಭಾಮಾ. ಉಸ್ರು ಐತಾ?"

ಭಾಮಾಳ ಅಂಗೈ ಮುದುಕಿಯ ಎದೆಯ ಮೇಲಿತ್ತು. ಕಾದಳು.

"ಐತೆ. ಓಡ್ಸಿ."

ಮುಂದಿನ ತಿರುವಿಗೆ ಮತ್ತೆ ಕೇಳಿದ. ಮತ್ತೆ ಹೇಳಿದಳು. ಕಣಿವೆ ಮುಗಿಯುವವರೆಗೂ ಅವನು ಕೇಳುತ್ತಲೇ ಇದ್ದ, ಅವಳು ಹೇಳುತ್ತಲೇ ಇದ್ದಳು.

ಆಸ್ಪತ್ರೆಯವರು ಮುದುಕಿಯನ್ನು ಸ್ಟ್ರೆಚರಿನಲ್ಲಿ ಒಳಗೆ ಕೊಂಡೊಯ್ದರು. ವಾಚ್‌ಮನ್ ಹತ್ತಿರ ಬಕೆಟ್ ಕೇಳಿ ತಂದು, ನಲ್ಲಿಯ ಹತ್ತಿರ ಇಬ್ಬರೂ ಸೀಟು ತೊಳೆದರು. ಅವಳು ಒರೆಸಿದಳು, ಅವನು ಹಿಂಡಿದ.

"ಇದು ಓಗ್ತದಾ?" ಅಂದ ಅವನು, ಬಟ್ಟೆ ಹಿಂಡುತ್ತ.

"ಇದು ಓಗ್ತದೆ. ಅದು ಗೊತ್ತಿಲ್ಲ."

"ಅದು ಓಗ್ದೇ ಇದ್ರೆ? ಸಾಯೋ ಗಂಟ ನನ್ ಜೊತೇನೇ ಇದ್ರೆ?"

"ಇರ್ಲಿ ಬುಡಿ," ಅಂದಳು ಭಾಮಾ. ಸೀಟಿನ ಹೊಲಿಗೆಯ ಗುಂಟ ಬೆರಳಿಟ್ಟು ಒರೆಸುವುದನ್ನು ನಿಲ್ಲಿಸಲಿಲ್ಲ. "ಅಂಬಾಸಿಡರ್ ಅಲ್ವಾ? ಮೂರ್ ಜನ ಆರಾಮಾಗಿ ಕೂರ್ಬೋದು."

ವೆಂಕಟರಾಮ ಕೈಯಲ್ಲಿದ್ದ ಬಟ್ಟೆಯನ್ನು ಮುಖಕ್ಕೆ ಒತ್ತಿಕೊಂಡ. ಮುದುಕಿಯನ್ನು ಒರೆಸಿದ ಬಟ್ಟೆ ಅದು. ಅವನ ಭುಜ ಕುಲುಕುತ್ತಿತ್ತು. ಭಾಮಾ ಬಕೆಟ್ಟಿನ ನೀರು ಚೆಲ್ಲಿ, ಹೊಸ ನೀರು ಹಿಡಿಯಲು ಹೋದಳು. ನಿಧಾನವಾಗಿಯೇ ಹಿಡಿದಳು.

ಬಿಸಿಲು ಇಳಿಯುವ ಹೊತ್ತಿಗೆ ಮುತ್ತುಸ್ವಾಮಿ ಹೊರಗೆ ಬಂದ. ಅವನ ಜೊತೆ ಸೆರಗು ಬಾಯಿಗಿಟ್ಟುಕೊಂಡ ಹೆಂಗಸೊಬ್ಬಳು, ತಂಗಮ್ಮನ ಸೇಲಂನ ಮಗಳು. ಮುದುಕಿ ತೀರಿಕೊಂಡಿದ್ದಳು. ಮಗಳ ಕೈ ಹಿಡಿದುಕೊಂಡೇ ಹೋದಳಂತೆ.

ಮುತ್ತುಸ್ವಾಮಿ ಕೈ ಮುಗಿದ. ಆಸ್ಪತ್ರೆ ಗೇಟಿನ ಟ್ಯಾಕ್ಸಿಯವರು ಯಾರೂ ಹೆಣ ಒಯ್ಯಲು ಒಪ್ಪಿರಲಿಲ್ಲ. ಹೆಣ ಹೊತ್ತ ಗಾಡಿಯನ್ನು ಮದುವೆಗೆ ಯಾರೂ ಕರೆಯುವುದಿಲ್ಲ. "ನೀವೇ ಊರು ಸೇರುಸ್ಬೇಕು ಅಣ್ಣೇ."

ವೆಂಕಟರಾಮ ಒದ್ದೆ ಸೀಟನ್ನು ನೋಡಿದ. ಆಮೇಲೆ ಹಿಂದಿನ ಬಾಗಿಲನ್ನು ಪೂರ್ತಿ ತೆಗೆದು ಹಿಡಿದ. "ಕರ್ಕಂಡ್ ಬನ್ನಿ," ಅಂದ.

ತಾಯಿಯನ್ನು ಮಲಗಿಸಿದರು. ಕಾಲ ಬುಡದಲ್ಲಿ ಮಗಳು ಕೂತಳು. ತಲೆಯ ಕಡೆ ಭಾಮಾ ಮತ್ತೆ ಹತ್ತಿದಳು.

"ನೀ ಎಲ್ಲಿಗೆ?" ಅಂದ ವೆಂಕಟರಾಮ. "ಗುಗೈ ಇಲ್ಲೇ ಐತೆ. ಟೌನ್ ಬಸ್ಸು ಬರ್ತದೆ."

"ತಿರುವು ರೋಡು. ತಲೆ ಯಾರು ಇಡ್ಕೋಬೇಕು?"

"ಜನ ಏನಂತಾರೆ?"

"ಎಣದ ಗಾಡೀಲಿ ಕೂತೋಳ್ನ ಯಾರೂ ತಿರುಗಿ ನೋಡಾಕಿಲ್ಲ." ಭಾಮಾ ಮುದುಕಿಯ ಬಿಳಿ ಕೂದಲನ್ನು ಕಿವಿಯ ಹಿಂದೆ ಸರಿಸಿ, ಸೆರಗಿನಿಂದ ಹಣೆ ಒರೆಸಿದಳು. "ನಾಳೆ ವಾಪಸ್ ಕರ್ಕಂಡ್ ಬನ್ನಿ. ಅಮ್ಮನ್ನ ಏನಾದ್ರೂ ಕೇಳೋದಿದ್ರೆ ಅವಾಗ್ಲೇ ಕೇಳಿ."

ಅವನು ಮುಂದಿನ ಬಾಗಿಲು ತೆಗೆದು ಕೂತು, ಕನ್ನಡಿಯನ್ನು ಅವಳ ಕಡೆ ಚೂರು ತಿರುಗಿಸಿ, ಗೇರು ಹಾಕಿದ.